ಪಾರ್ಸೆಲ್ ಹೊತ್ತ ಡ್ರೋನ್: ಕೊನೆಯ ಮೂವತ್ತು ಮೀಟರಿನ ಕೆಲಸ

ಡ್ರೋನ್ ಮೂಲಕ ಪಾರ್ಸೆಲ್ ತಲುಪಿಸುವ ಸೇವೆಯೊಂದರಲ್ಲಿ ಹಾರಾಟದ ಹೊಣೆಯನ್ನು ನಾನು ಕೆಲವು ವರ್ಷಗಳಿಂದ ಹೊತ್ತಿದ್ದೇನೆ. ಮೊದಲು ಎರಡು ಆಸ್ಪತ್ರೆಗಳ ನಡುವೆ ರಕ್ತದ ಮಾದರಿಗಳನ್ನು ಒಯ್ಯುತ್ತಿದ್ದೆವು. ಆಮೇಲೆ ಮನೆಗಳ ಹಿತ್ತಲಿಗೆ ಸಣ್ಣ ಪೊಟ್ಟಣಗಳನ್ನು ಇಳಿಸತೊಡಗಿದೆವು. ಹೊರಗಿನಿಂದ ನೋಡುವವರಿಗೆ ಇವೆರಡೂ ಒಂದೇ ಕೆಲಸದಂತೆ ಕಾಣುತ್ತವೆ. ಆದರೆ ಯಂತ್ರ, ಬ್ಯಾಟರಿ, ಪೈಲಟ್ ಎಲ್ಲ ಅವೇ ಆಗಿದ್ದರೂ ಮೊದಲನೆಯದು ಬೇಗನೆ ಹದಕ್ಕೆ ಬಂತು, ಎರಡನೆಯದು ಇವತ್ತಿಗೂ ಪ್ರತಿ ವಿಳಾಸಕ್ಕೆ ಹೊಸದಾಗಿ ಲೆಕ್ಕ ಹಾಕುವಂತೆ ಮಾಡುತ್ತದೆ. ಈ ಸೇವೆ ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಎಂಬುದನ್ನು ನಿರ್ಧರಿಸುವುದು ಹಾರುವ ದೂರಕ್ಕಿಂತ ಹೆಚ್ಚಾಗಿ ಇಳಿಯುವ ಜಾಗ ಎಂಬ ನಿಲುವಿಗೆ ನಾನು ಬಂದಿರುವುದು ಈ ಎರಡು ಕೆಲಸಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದ ಮೇಲೆ.

ಮೊದಲು ತೂಕದ ಮಾತು. 2013ರ ಡಿಸೆಂಬರ್‌ನಲ್ಲಿ ಅಮೆಜಾನ್‌ನ ಜೆಫ್ ಬೆಜೋಸ್ ಟಿವಿ ಕಾರ್ಯಕ್ರಮವೊಂದರಲ್ಲಿ ಡ್ರೋನ್ ಯೋಜನೆಯನ್ನು ಪ್ರಕಟಿಸಿದಾಗ, ತಾವು ತಲುಪಿಸುವ ವಸ್ತುಗಳಲ್ಲಿ ಶೇ. 86ರಷ್ಟು ಐದು ಪೌಂಡಿನೊಳಗೆ, ಅಂದರೆ ಸುಮಾರು 2.3 ಕೆ.ಜಿ.ಯೊಳಗೆ ಇರುತ್ತವೆ ಎಂದು ಹೇಳಿದ್ದರು. ಆ ಲೆಕ್ಕ ಕೇಳುವುದಕ್ಕೆ ಚೆನ್ನಾಗಿದೆ, ಆದರೆ ಆ ಎರಡು ಕಿಲೋ ಗಾಳಿಯಲ್ಲಿ ಕೇಳುವ ಬೆಲೆಯೇ ಬೇರೆ. ಒಂದೇ ಜಾಗದಲ್ಲಿ ನಿಂತು ಹಾರುವ ಡ್ರೋನ್‌ಗೆ ಬೇಕಾಗುವ ಶಕ್ತಿ ತೂಕದ ಪ್ರಮಾಣದಲ್ಲಷ್ಟೇ ಏರುವುದಿಲ್ಲ, ಅದಕ್ಕಿಂತ ವೇಗವಾಗಿ ಏರುತ್ತದೆ: ಒಟ್ಟು ತೂಕ ಶೇ. 20ರಷ್ಟು ಹೆಚ್ಚಿದರೆ ಶಕ್ತಿ ಶೇ. 31ರಷ್ಟು ಹೆಚ್ಚು ಬೇಕು. ಹಾಗಾದರೆ ದೊಡ್ಡ ಬ್ಯಾಟರಿ ಹಾಕೋಣವೆಂದರೆ ಬ್ಯಾಟರಿಯೂ ತೂಕವೇ. ಒಂದು ಕೆ.ಜಿ. ಲಿಥಿಯಂ ಬ್ಯಾಟರಿಯಲ್ಲಿ ಸುಮಾರು 200 ವ್ಯಾಟ್-ಅವರ್ ಶಕ್ತಿ ಸಿಕ್ಕರೆ ಅಷ್ಟೇ ತೂಕದ ಪೆಟ್ರೋಲ್‌ನಲ್ಲಿ ಸುಮಾರು 12,000 ವ್ಯಾಟ್-ಅವರ್ ಇರುತ್ತದೆ. ಎಂಜಿನ್ ಅದರಲ್ಲಿ ಮುಕ್ಕಾಲು ಪಾಲನ್ನು ಶಾಖವಾಗಿ ಕಳೆದರೂ ಅಂತರ ಬಹಳ ದೊಡ್ಡದು.

ಗಾಳಿಯ ಲೆಕ್ಕವನ್ನು ನಮ್ಮ ಹೊಸ ಪೈಲಟ್‌ಗಳಿಂದ ನಾನು ಕೈಯಲ್ಲೇ ಬರೆಸುತ್ತೇನೆ, ಏಕೆಂದರೆ ಹೋಗುವಾಗಿನ ಎದುರುಗಾಳಿ ಬರುವಾಗ ಹಿಂಗಾಳಿಯಾಗಿ ನಷ್ಟವನ್ನು ಸರಿದೂಗಿಸುತ್ತದೆ ಎಂದು ಬಹುತೇಕ ಎಲ್ಲರೂ ನಂಬಿರುತ್ತಾರೆ. ಸೆಕೆಂಡಿಗೆ 15 ಮೀಟರ್ ವೇಗದ ಡ್ರೋನ್ ಐದು ಕಿ.ಮೀ. ಹೋಗಿ ಹಿಂದಿರುಗಬೇಕು ಎಂದಿಟ್ಟುಕೊಳ್ಳಿ. ಗಾಳಿ ಇಲ್ಲದಿದ್ದರೆ ಒಟ್ಟು ಹನ್ನೊಂದು ನಿಮಿಷ ಸಾಕು. ಸೆಕೆಂಡಿಗೆ 8 ಮೀಟರ್ ಗಾಳಿ ಬೀಸುತ್ತಿದ್ದರೆ ಹೋಗಲು ಸುಮಾರು ಹನ್ನೆರಡು ನಿಮಿಷ, ಬರಲು ಮೂರೂವರೆ ನಿಮಿಷ, ಒಟ್ಟು ಹದಿನೈದೂವರೆ ನಿಮಿಷ ಹಿಡಿಯುತ್ತದೆ. ಅಂದರೆ ಗಾಳಿಯ ಕಾರಣಕ್ಕೇ ಸಮಯ ಶೇ. 40ರಷ್ಟು ಹೆಚ್ಚಿತು. ಪೊಟ್ಟಣದ ಭಾರ ಇರುವುದು ಹೋಗುವಾಗ, ಅದೂ ಎದುರುಗಾಳಿಯಲ್ಲಿ ಎಂದಾದರೆ ಪೆಟ್ಟು ಇಮ್ಮಡಿ. ಈ ಕಾರಣಕ್ಕೇ ಕಾಲುಭಾಗಕ್ಕಿಂತ ಹೆಚ್ಚು ಚಾರ್ಜ್ ಉಳಿಸಿಕೊಂಡು ಮನೆಗೆ ಮರಳುವಂತಿದ್ದರೆ ಮಾತ್ರ ನಾವು ಡ್ರೋನ್ ಎಬ್ಬಿಸುತ್ತೇವೆ.

ನಮ್ಮ ದಿನ ಶುರುವಾಗುವುದು ಬ್ಯಾಟರಿ ಕೋಣೆಯಲ್ಲಿ. ಪ್ರತಿ ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್ ತೋರಿಸಬೇಕು. ಒಂದೇ ಪ್ಯಾಕಿನ ಸೆಲ್‌ಗಳ ನಡುವೆ ವ್ಯತ್ಯಾಸ ಎದ್ದು ಕಂಡರೆ ಅದನ್ನು ಪಕ್ಕಕ್ಕಿಡುತ್ತೇವೆ. ಮೀಟರ್ ಹಿಡಿಯುವ ಮೊದಲೇ ಕೈ ಹೇಳುವ ವಿಷಯಗಳೂ ಇವೆ. ಪ್ಯಾಕನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ಒಂದು ಮೂಲೆ ಒತ್ತಿದಾಗ ಅದು ಅಲುಗಾಡಿದರೆ ಒಳಗೆ ಅನಿಲ ಸೇರಿ ಊದತೊಡಗಿದೆ ಎಂದರ್ಥ. ಮೋಟಾರನ್ನು ಬೆರಳಲ್ಲಿ ನಿಧಾನವಾಗಿ ತಿರುಗಿಸಿದಾಗ ಮರಳು ಉಜ್ಜಿದಂತೆ ಅನಿಸಿದರೆ ಬೇರಿಂಗ್ ಹೋಗುತ್ತಿದೆ. ಪ್ರೊಪೆಲ್ಲರ್‌ನ ಅಂಚಿನ ಉದ್ದಕ್ಕೂ ಉಗುರು ಎಳೆದು, ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಸೀಳು ಇದೆ ಎಂದು ತಿಳಿದು ಬದಲಾಯಿಸುತ್ತೇವೆ. ಚಳಿಯ ಬೆಳಗುಗಳಲ್ಲಿ ಬ್ಯಾಟರಿಯನ್ನು ಬೆಚ್ಚಗೆ ಮಾಡಿಕೊಂಡೇ ಹೊರಗೆ ತರುತ್ತೇವೆ, ಇಲ್ಲವಾದರೆ ಮೇಲೇರುವ ಮೊದಲ ಸೆಳೆತಕ್ಕೇ ವೋಲ್ಟೇಜ್ ಕುಸಿಯುತ್ತದೆ.

ಇಷ್ಟೆಲ್ಲ ಮಾಡಿದರೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಹಾರುವ ಕೆಲಸ ನೆಮ್ಮದಿಯಿಂದ ನಡೆಯುತ್ತದೆ. ಎರಡೂ ಕಡೆ ಬೇಲಿ ಹಾಕಿದ ಜಾಗ, ತರಬೇತಿ ಪಡೆದ ಒಬ್ಬರು, ಒಮ್ಮೆ ಅಳೆದು ಮತ್ತೆ ಮತ್ತೆ ಬಳಸುವ ದಾರಿ ಇರುತ್ತವೆ. ಸರಕು ಹಗುರ, ಆದರೆ ತುರ್ತಿನದು. ರುವಾಂಡಾದಲ್ಲಿ ಜಿಪ್‌ಲೈನ್ ಕಂಪನಿ 2016ರಿಂದ ರಕ್ತವನ್ನು ಆಸ್ಪತ್ರೆಗಳಿಗೆ ತಲುಪಿಸುತ್ತಿರುವುದರ ಹಿಂದೆಯೂ ಇದೇ ತರ್ಕವಿದೆ. ರೆಕ್ಕೆಯ ವಿಮಾನದಂತಹ ಅವರ ಡ್ರೋನ್ ಆಸ್ಪತ್ರೆಯಲ್ಲಿ ಇಳಿಯುವುದೇ ಇಲ್ಲ. ಮೇಲೆ ಸಾಗುತ್ತಲೇ ಪುಟ್ಟ ಪ್ಯಾರಾಚೂಟ್ ಕಟ್ಟಿದ ಪೊಟ್ಟಣವನ್ನು ಗೊತ್ತುಪಡಿಸಿದ ಬಯಲಿಗೆ ಬೀಳಿಸಿ, ಕೇಂದ್ರಕ್ಕೆ ಮರಳಿ ಅಡ್ಡಲಾಗಿ ಕಟ್ಟಿದ ಹಗ್ಗಕ್ಕೆ ಬಾಲದ ಕೊಕ್ಕೆ ಸಿಕ್ಕಿಸಿಕೊಂಡು ನಿಲ್ಲುತ್ತದೆ. ಗುಡ್ಡಗಾಡಿನ ರಸ್ತೆಯಲ್ಲಿ ಗಂಟೆಗಟ್ಟಲೆ ಹಿಡಿಯುವ ದಾರಿಗೆ ಇದು ನಿಜವಾದ ಪರಿಹಾರ, ಮತ್ತು ಬೇಗ ಕೆಡುವ ರಕ್ತವನ್ನು ಪ್ರತಿ ಆಸ್ಪತ್ರೆಯಲ್ಲಿ ಕೂಡಿಡುವ ಅಗತ್ಯವನ್ನೂ ತಗ್ಗಿಸುತ್ತದೆ.

ಮನೆಯ ಹಿತ್ತಲಿಗೆ ಬಂದಾಗ ಈ ಅನುಕೂಲಗಳೆಲ್ಲ ಒಂದೊಂದಾಗಿ ಕಳಚಿಕೊಳ್ಳುತ್ತವೆ. ನಾವು ಡ್ರೋನನ್ನು ನೆಲಕ್ಕೆ ಇಳಿಸುವುದಿಲ್ಲ. ಸುಮಾರು 25 ಮೀಟರ್ ಎತ್ತರದಲ್ಲಿ ನಿಲ್ಲಿಸಿ ವಿಂಚ್‌ನಿಂದ ಹಗ್ಗ ಬಿಟ್ಟು ಪೊಟ್ಟಣ ಇಳಿಸುತ್ತೇವೆ. ನೆಲ ಮುಟ್ಟಿ ಭಾರ ತಪ್ಪಿದ ಕೂಡಲೇ ಕೊಕ್ಕೆ ತಾನಾಗಿ ಕಳಚುತ್ತದೆ. ಕಾಗದದ ಮೇಲೆ ಇದು ಸರಳ. ಆದರೆ ಅಷ್ಟು ಉದ್ದದ ಹಗ್ಗದ ತುದಿಯಲ್ಲಿ ಪೊಟ್ಟಣ ಒಮ್ಮೆ ತೂಗಲು ಶುರುವಾದರೆ ಒಂದು ತೂಗಾಟಕ್ಕೆ ಸುಮಾರು ಹತ್ತು ಸೆಕೆಂಡು ಹಿಡಿಯುತ್ತದೆ, ಅದು ಶಾಂತವಾಗುವವರೆಗೆ ಕಾಯುತ್ತಾ ನಿಂತರೆ ಬ್ಯಾಟರಿ ಸುಮ್ಮನೆ ಕರಗುತ್ತದೆ. ಎತ್ತರದ ಕಟ್ಟಡಗಳ ನಡುವಿನ ಹಿತ್ತಲಲ್ಲಿ ಉಪಗ್ರಹದ ಸಿಗ್ನಲ್ ಗೋಡೆಗೆ ಬಡಿದು ತಿರುಗಿ ಬರುವುದರಿಂದ ಡ್ರೋನ್ ತಾನಿರುವ ಜಾಗವನ್ನೇ ಕೆಲವು ಮೀಟರ್ ತಪ್ಪಾಗಿ ತಿಳಿಯುತ್ತದೆ. ಬಯಲಲ್ಲಿ ಮೂರು ಮೀಟರ್ ಏನೂ ಅಲ್ಲ. ಇಲ್ಲಿ ಅಷ್ಟರಲ್ಲಿ ಪಕ್ಕದ ಮನೆಯ ಸೂರು ಬಂದಿರುತ್ತದೆ.

ಹಾಗಾಗಿ ಹೊಸ ವಿಳಾಸಕ್ಕೆ ಮೊದಲ ಸಲ ಡ್ರೋನ್ ಕಳಿಸುವ ಮುನ್ನ ನಮ್ಮವರೊಬ್ಬರು ಖುದ್ದಾಗಿ ಹೋಗಿ ಜಾಗ ನೋಡಿ ಬರುತ್ತಾರೆ. ಉಪಗ್ರಹ ಚಿತ್ರದಲ್ಲಿ ಖಾಲಿಯಾಗಿ ಕಾಣುವ ಅಂಗಳದಲ್ಲಿ ಬಟ್ಟೆ ಒಣಹಾಕುವ ತಂತಿ ಇರುತ್ತದೆ, ಚಿತ್ರ ತೆಗೆದ ಮೇಲೆ ಬೆಳೆದ ಕೊಂಬೆ ಇರುತ್ತದೆ, ಸರಪಳಿ ಇಲ್ಲದ ನಾಯಿ ಇರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಮಕ್ಕಳು. ಮೇಲಿನಿಂದ ಹಗ್ಗವೊಂದು ಇಳಿದು ಬಂದರೆ ಅದನ್ನು ಹಿಡಿದು ಎಳೆಯಬೇಕೆಂದು ಯಾವ ಮಗುವಿಗಾದರೂ ಅನಿಸುತ್ತದೆ. ಸೆಳೆತ ಮಿತಿ ಮೀರಿದರೆ ಹಗ್ಗವನ್ನೇ ಕತ್ತರಿಸಿಕೊಂಡು ಡ್ರೋನ್ ಮೇಲೇರುವ ವ್ಯವಸ್ಥೆ ನಮ್ಮ ಯಂತ್ರದಲ್ಲಿದೆ. ಆದರೂ ಪೊಟ್ಟಣ ಇಳಿಯುವಾಗ ದೊಡ್ಡವರೊಬ್ಬರು ಅಲ್ಲೇ ಇದ್ದು ಮಕ್ಕಳನ್ನು ದೂರ ನಿಲ್ಲಿಸಬೇಕೆಂಬ ಷರತ್ತನ್ನು ನಾವು ಯಾರಿಗೂ ಸಡಿಲಿಸಿಲ್ಲ.

ಅಪಾಯದ ಮಾತು ಬಂದಾಗ ಭೌತಶಾಸ್ತ್ರವನ್ನು ಮರೆಯಬಾರದು. ಹತ್ತು ಕೆ.ಜಿ.ಯ ಡ್ರೋನ್ ನೂರು ಮೀಟರ್ ಎತ್ತರದಲ್ಲಿ ಶಕ್ತಿ ಕಳೆದುಕೊಂಡು ಬಿದ್ದರೆ, ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದಲ್ಲಿ, ನೆಲ ತಲುಪುವಾಗ ಅದರ ವೇಗ ಗಂಟೆಗೆ ಸುಮಾರು 160 ಕಿ.ಮೀ. ಆಗಿರುತ್ತದೆ. ಪ್ಯಾರಾಚೂಟ್ ಇದೆಯಲ್ಲ ಎಂದು ಕೇಳುವವರಿಗೆ ನಾನು ಸ್ವಿಟ್ಜರ್ಲೆಂಡ್‌ನ ಘಟನೆ ನೆನಪಿಸುತ್ತೇನೆ. ಅಲ್ಲಿನ ಅಂಚೆ ಇಲಾಖೆ ಆಸ್ಪತ್ರೆಗಳ ನಡುವೆ ಮಾದರಿಗಳನ್ನು ಒಯ್ಯುತ್ತಿದ್ದಾಗ, 2019ರ ಜನವರಿಯಲ್ಲಿ ಒಂದು ಡ್ರೋನ್ ಜ್ಯೂರಿಕ್ ಸರೋವರಕ್ಕೆ ಬಿತ್ತು. ಮೇ ತಿಂಗಳಲ್ಲಿ ಇನ್ನೊಂದರ ಪ್ಯಾರಾಚೂಟ್ ಬಿಚ್ಚಿಕೊಂಡರೂ ಅದರ ಹಗ್ಗ ತುಂಡಾಗಿ, ಮಕ್ಕಳ ಗುಂಪೊಂದರಿಂದ ಸ್ವಲ್ಪವೇ ದೂರದಲ್ಲಿ ಯಂತ್ರ ನೆಲಕ್ಕಪ್ಪಳಿಸಿತು. ಯಾರಿಗೂ ಗಾಯವಾಗಲಿಲ್ಲ, ಆದರೆ ಸೇವೆ ನಿಂತಿತು. ಅದೂ ಅಲ್ಲದೆ ಪ್ಯಾರಾಚೂಟ್ ಅರಳಲು ಒಂದಿಷ್ಟು ಎತ್ತರ ಬೇಕು, ಪೊಟ್ಟಣ ಇಳಿಸುವ 25 ಮೀಟರಿನಲ್ಲಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಅಂದರೆ ಜನರಿಗೆ ಅತಿ ಹತ್ತಿರದಲ್ಲಿರುವ ಹೊತ್ತಿನಲ್ಲೇ ನಮ್ಮ ರಕ್ಷಣೆ ಅತಿ ತೆಳುವಾಗಿರುತ್ತದೆ. ದಾರಿ ಗುರುತಿಸುವಾಗ ನಾನು ನೇರ ಗೆರೆಯನ್ನು ಬಿಟ್ಟು ಹೊಳೆ, ಹೊಲ, ಬೀಳುಭೂಮಿಗಳ ಮೇಲೆ ಸುತ್ತಿಕೊಂಡು ಹೋಗುವುದನ್ನೇ ಆರಿಸುತ್ತೇನೆ. ಶಾಲೆಯ ಮೇಲಂತೂ ಯಾವ ಹೊತ್ತಿನಲ್ಲೂ ಹಾರಿಸುವುದಿಲ್ಲ.

ವಿದ್ಯುತ್ ತಂತಿಗಳ ವಿಷಯದಲ್ಲಿ ಬೇರೆಯವರ ಅನುಭವವೂ ಎಚ್ಚರಿಸುತ್ತದೆ. 2022ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್ ಬಳಿ ವಿಂಗ್ ಕಂಪನಿಯ ಡ್ರೋನ್ ತಂತಿಗಳ ಮೇಲೆ ಇಳಿದು ಸುಮಾರು ಎರಡು ಸಾವಿರ ಮನೆಗಳಿಗೆ ಕರೆಂಟ್ ಹೋಗಿತ್ತು. ಅದೇ ದೇಶದ ಕ್ಯಾನ್‌ಬೆರಾದಲ್ಲಿ 2021ರಲ್ಲಿ ಗೂಡು ಕಾಯುವ ಕಾಗೆಗಳು ಡ್ರೋನ್‌ಗಳ ಮೇಲೆ ಎರಗಿದ್ದರಿಂದ ಒಂದು ಬಡಾವಣೆಯಲ್ಲಿ ಸೇವೆಯನ್ನು ಕೆಲಕಾಲ ನಿಲ್ಲಿಸಬೇಕಾಯಿತು.

ಸದ್ದಿನ ಬಗ್ಗೆ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಕ್ಷೇತ್ರದವರು ಇದನ್ನು ಹಗುರವಾಗಿ ನೋಡುತ್ತಾರೆ. ಡ್ರೋನ್‌ನ ಸದ್ದು ಜೋರು ಎನ್ನುವುದಕ್ಕಿಂತ ತೀಕ್ಷ್ಣ, ಮತ್ತು ಗಾಳಿಗೆ ತಕ್ಕಂತೆ ಏರಿಳಿಯುತ್ತಿರುತ್ತದೆ. ಹಾಗಾಗಿ ಕಿವಿ ಅದಕ್ಕೆ ಒಗ್ಗಿಕೊಳ್ಳುವುದಿಲ್ಲ. ಪಾರ್ಸೆಲ್ ತರಿಸಿಕೊಂಡವರಿಗೆ ಅದು ಒಂದು ನಿಮಿಷದ ಸದ್ದು, ಉಡಾವಣಾ ಜಾಗದ ಪಕ್ಕದಲ್ಲಿ ವಾಸಿಸುವವರಿಗೆ ಇಡೀ ದಿನದ್ದು. ಕ್ಯಾನ್‌ಬೆರಾದ ಬೊನಿಥನ್ ಬಡಾವಣೆಯಲ್ಲಿ 2018ರ ಪ್ರಯೋಗದ ವೇಳೆ ನಿವಾಸಿಗಳು ಸಂಘಟಿತರಾಗಿ ವಿರೋಧಿಸಿದ್ದು ಮುಖ್ಯವಾಗಿ ಇದೇ ಕಾರಣಕ್ಕೆ. ಅವರ ದೂರು ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ. ನಾವು ಅಗಲವಾದ, ನಿಧಾನವಾಗಿ ತಿರುಗುವ ಪ್ರೊಪೆಲ್ಲರ್‌ಗಳಿಗೆ ಬದಲಾದೆವು, ದಿನವೂ ಒಂದೇ ಮನೆಯ ಮೇಲೆ ಹಾಯದಂತೆ ದಾರಿಗಳನ್ನು ಹಂಚಿದೆವು. ದೂರುಗಳು ಕಡಿಮೆಯಾದವು, ಇಲ್ಲವಾಗಲಿಲ್ಲ.

ಖರ್ಚಿನ ಗಂಟು ಇರುವುದು ಜನರ ಸಂಬಳದಲ್ಲಿ. ಕಣ್ಣಳತೆಯ ಆಚೆಗೆ ಹಾರಿಸಲು ಅನುಮತಿ ಸಿಗದಿದ್ದರೆ ದಾರಿಯುದ್ದಕ್ಕೂ ವೀಕ್ಷಕರನ್ನು ನಿಲ್ಲಿಸಬೇಕಾಗುತ್ತದೆ, ಅಷ್ಟು ಜನರಿದ್ದರೆ ಅವರ ಕೈಯಲ್ಲೇ ಪಾರ್ಸೆಲ್ ಕಳಿಸಬಹುದು. ಅನುಮತಿ ಸಿಕ್ಕ ಮೇಲೂ ಒಬ್ಬ ಪೈಲಟ್ ಒಂದೇ ಡ್ರೋನ್ ನೋಡಿಕೊಳ್ಳುವಂತಿದ್ದರೆ ಹಲವು ಪಾರ್ಸೆಲ್‌ಗಳನ್ನು ಒಂದೇ ಸುತ್ತಿನಲ್ಲಿ ಹಂಚುವ ವ್ಯಾನಿನ ಜೊತೆ ಪೈಪೋಟಿ ಸಾಧ್ಯವಿಲ್ಲ. ಒಬ್ಬರೇ ಹಲವು ಡ್ರೋನ್‌ಗಳನ್ನು ನಿಭಾಯಿಸಬೇಕೆಂದರೆ ತಗ್ಗಿನಲ್ಲಿ ಬರುವ ಹೆಲಿಕಾಪ್ಟರನ್ನು ಯಂತ್ರವೇ ಪತ್ತೆಹಚ್ಚಿ ತಪ್ಪಿಸಿಕೊಳ್ಳುವಂತಿರಬೇಕು. ಆ ಸಾಮರ್ಥ್ಯವನ್ನು ಸಾಬೀತುಪಡಿಸಿ ತೋರಿಸುವ ಕೆಲಸಕ್ಕೆ ನಮ್ಮ ತಂಡದ ಹೆಚ್ಚಿನ ಸಮಯ ಹೋಗುತ್ತಿದೆ.

ಸದ್ಯಕ್ಕೆ ನಮ್ಮಲ್ಲಿ ಔಷಧ, ಮಾದರಿ, ತುರ್ತು ಬಿಡಿಭಾಗಗಳಂತಹ ಸರಕಿಗೆ ಮೊದಲ ಆದ್ಯತೆ. ಮನೆಗಳ ಪೈಕಿ ಸುತ್ತ ತೆರೆದ ಜಾಗವಿರುವ, ನಾವು ನೋಡಿ ಒಪ್ಪಿದ ವಿಳಾಸಗಳಿಗೆ ಮಾತ್ರ ಹಾರುತ್ತೇವೆ. ಬಹುಮಹಡಿ ಕಟ್ಟಡದವರು ಕೇಳಿದಾಗ ಒಬ್ಬೊಬ್ಬರ ಬಾಲ್ಕನಿಗೆ ಇಳಿಸಲು ಒಪ್ಪುವುದಿಲ್ಲ. ತಾರಸಿಯ ಮೇಲೋ ಕಾಂಪೌಂಡಿನ ಮೂಲೆಯಲ್ಲೋ ಬೀಗ ಹಾಕಬಹುದಾದ ಒಂದೇ ಸ್ವೀಕಾರ ಪೆಟ್ಟಿಗೆಯನ್ನು ಎಲ್ಲರಿಗೂ ಸೇರಿ ಇಟ್ಟುಕೊಳ್ಳಲು ಒಪ್ಪಿದರೆ ಜಾಗ ಅಳೆಯಲು ಜನ ಕಳಿಸುತ್ತೇವೆ.