3 + 4 = 12

ನಮ್ಮದು ಗುಳೇದಗುಡ್ಡದ ಹತ್ತಿರದ ಹಳ್ಳಿ ಶಾಲೆ. ನಲಿ-ಕಲಿ ಕೋಣೆ, ಒಂದರಿಂದ ಮೂರನೇ ತರಗತಿವರೆಗಿನ ಮಕ್ಕಳು ಒಟ್ಟಿಗೇ ಕೂರುತ್ತಾರೆ. ಎರಡನೇ ತರಗತಿಯವರಿಗೆ ಮಗ್ಗಿ ಶುರು ಮಾಡುವ ಮೊದಲು ಸಾಲು ಜೋಡಿಸಿ ಕೂಡಿಸೋದು ಕಲಿಸಬೇಕಿತ್ತು. ಹುಣಸೆ ಬೀಜ ಕೊಟ್ಟು, ಮೂರು ಅಡ್ಡಸಾಲು ಮಾಡಿ, ಸಾಲಿಗೆ ನಾಲ್ಕು ಇಡಿ ಎಂದೆ. ಚೆಂದಾಗಿ ಇಟ್ಟರು. ಒಟ್ಟು ಎಷ್ಟು ಅಂತ ಕೇಳಿದರೆ ಹನ್ನೆರಡು ಎಂದರು. ಖುಷಿಯಿಂದ, ಈಗ ಕೂಡಿಸೋ ಲೆಕ್ಕ ಬರೀರಿ ಎಂದೆ. ಅರ್ಧ ಮಕ್ಕಳ ಪಾಟಿಯಲ್ಲಿ 3 + 4 = 12!

ತಪ್ಪು ನನ್ನದೇ. ಅವರು ಒಂದೊಂದೇ ಬೀಜ ಎಣಿಸಿ ಹನ್ನೆರಡು ಅಂದಿದ್ದರು, ಸಾಲನ್ನು ಯಾರೂ ನೋಡಿರಲೇ ಇಲ್ಲ. ನಾನು ಹೇಳಿದ್ದು ಮೂರು ಮತ್ತು ನಾಲ್ಕು, ಅವರು ಅವೆರಡನ್ನೇ ಬರೆದರು. ಮೂರು ಅನ್ನೋದು ಬೀಜದ ಲೆಕ್ಕ ಅಲ್ಲ, ಸಾಲಿನ ಲೆಕ್ಕ ಅಂತ ಏಳು ವರ್ಷದ ಮಗುವಿಗೆ ತಾನಾಗೇ ಹೊಳೆಯುತ್ತಾ?

ಮರುದಿನ ಬಿಸಿಯೂಟದ ಅಡುಗೆ ಕೋಣೆಯಿಂದ ಖಾಲಿ ಮೊಟ್ಟೆ ಟ್ರೇ ತಂದೆ. ಐದು ಸಾಲು, ಸಾಲಿಗೆ ಆರು ಗುಳಿ. ಗುಳಿಗೊಂದು ಬೀಜ ಹಾಕಿ ಮೇಲೆ ರಟ್ಟು ಮುಚ್ಚಿದೆ. ರಟ್ಟನ್ನು ಒಂದೇ ಸಾಲಿನಷ್ಟು ಕೆಳಗೆ ಜಾರಿಸಿ, "ಎಷ್ಟು ಕಾಣ್ತಾವ?" ಎಂದೆ. ಆರು. ಆ ಸಾಲಿನ ತುದಿಗೆ ನೆಲದ ಮೇಲೆ ಸೀಮೆಸುಣ್ಣದಿಂದ 6 ಬರೆಸಿದೆ. ಇನ್ನೊಂದು ಸಾಲು, ಇನ್ನೊಂದು 6. ರಟ್ಟು ಪೂರ್ತಿ ಸರಿಯುವಷ್ಟರಲ್ಲಿ ನೆಲದ ಮೇಲೆ ಐದು ಆರುಗಳು ನಿಂತಿದ್ದವು. ನಡುವೆ ಕೂಡಿಸುವ ಚಿಹ್ನೆ ಹಾಕೋದಷ್ಟೇ ಬಾಕಿ. 6 + 6 + 6 + 6 + 6 = 30. ಹದಿನೆಂಟು ದಾಟಿದ ಮೇಲೆ ಎಲ್ಲರಿಗೂ ಬೆರಳು ಬೇಕಾದವು, ಇರಲಿ.

ಕಂಬಸಾಲಿಗೆ, ಅಂದರೆ ಮೇಲಿಂದ ಕೆಳಕ್ಕೆ ಬರುವ ಸಾಲಿಗೆ, ಬಂದಾಗ ಒಬ್ಬ ಹುಡುಗಿ 5 ಬರೆಯುವ ಕಡೆ 4 ಬರೆದಳು. ಬೆರಳಿಟ್ಟು ತೋರಿಸು ಎಂದೆ. ಎಲ್ಲಕ್ಕಿಂತ ಮೇಲಿನ ಬೀಜ ಬಿಟ್ಟು ಎಣಿಸಿದಳು. ಯಾಕೆ ಅಂದ್ರೆ, "ಅದು ಅಡ್ಡಸಾಲಿನ್ಯಾಗ ಹೋತಲ್ರಿ, ಅಕ್ಕೋರ!" ನನಗೆ ಈ ತೊಡಕು ಅಲ್ಲಿವರೆಗೂ ಗೊತ್ತೇ ಇರಲಿಲ್ಲ. "ನೀ ನಿಮ್ಮ ಅಕ್ಕಗ ತಂಗಿ, ತಮ್ಮಗ ಅಕ್ಕ, ಹೌದಲ್ಲ? ಈ ಬೀಜಾನೂ ಹಂಗ, ಎರಡೂ ಸಾಲಿಗೆ ಬೇಕು" ಎಂದೆ. ಪೂರ್ತಿ ಒಪ್ಪಿದ ಮುಖ ಅಲ್ಲ ಅದು. ಟ್ರೇಯನ್ನೇ ಅಡ್ಡ ತಿರುಗಿಸಿದೆ. ಕಂಬಸಾಲು ಮಲಗಿ ಅಡ್ಡಸಾಲಾಯಿತು. ಆಗ ತಾನೇ ಆರು ಸಲ 5 ಬರೆದು, ಕೂಡಿಸಿ, ಮತ್ತೆ ಮೂವತ್ತೇ ಬಂತಲ್ಲ ಅಂತ ಟ್ರೇ ಕೆಳಗೆ ಬಗ್ಗಿ ನೋಡಿದಳು.

ವಾರ ಬಿಟ್ಟು ಒಬ್ಬ ಹುಡುಗ ಮನೆಯಿಂದ ಖಣದ (ಕುಪ್ಪಸದ ಬಟ್ಟೆಯ) ತುಂಡು ತಂದ. ಅವರ ಮನೆಯಲ್ಲಿ ಮಗ್ಗ ಇದೆ. ಅದರ ಮೇಲಿನ ಬುಟ್ಟಾಗಳ (ನೇಯ್ದ ಸಣ್ಣ ಚಿತ್ತಾರಗಳ) ಸಾಲು ಎಣಿಸಿ ಬರೆಯಲು ಬಿಟ್ಟೆ. ನಾನು ಸರಿಯಾಗಿ ನೋಡಿರಲಿಲ್ಲ, ಒಂದು ಸಾಲು ಬಿಟ್ಟು ಒಂದು ಸಾಲಿನ ಬುಟ್ಟಾ ಅರ್ಧ ಜರುಗಿತ್ತು. ಅವನ ಪಾಟಿಯಲ್ಲಿ 5 + 4 + 5 + 4 = 18 ಅಂತಿತ್ತು. ಲೆಕ್ಕ ಸರಿಯೇ. ಆದರೂ ಅವನಿಗೆ ಸಮಾಧಾನ ಇಲ್ಲ. "ಇದು ಟ್ರೇದಂಗ ಇಲ್ರಿ" ಎಂದ.

ಯಾಕಿಲ್ಲ ಅಂತ ನಾನು ಹೇಳಲಿಲ್ಲ. ಟ್ರೇ, ಖಣ ಎರಡನ್ನೂ ಪಕ್ಕದಲ್ಲಿಟ್ಟು ಊಟಕ್ಕೆ ಬಿಟ್ಟೆ.