ಹಣ್ಣು ನೊಣಕ್ಕೆ ಮಣ್ಣಲ್ಲೇ ತಡೆ

ಹಣ್ಣಿನೊಳಗೆ ಸೇರಿಕೊಂಡ ಹಣ್ಣು ನೊಣದ ಮರಿಹುಳುವಿಗೆ ಮೇಲಿನ ಸಿಂಪರಣೆ ತಟ್ಟುವುದು ಕಷ್ಟ. ಆದರೆ ಬಲಿತ ಹುಳು ಹಣ್ಣು ಬಿಟ್ಟು ನೆಲಕ್ಕಿಳಿಯಲೇಬೇಕು. ಮಣ್ಣಿನಲ್ಲಿ 2ರಿಂದ 5 ಸೆಂ.ಮೀ. ಆಳಕ್ಕೆ ಹೊಕ್ಕು ಕೋಶವಾಗುತ್ತದೆ. ಬೆಚ್ಚಗಿದ್ದರೆ 8ರಿಂದ 12 ದಿನಗಳಲ್ಲಿ ನೊಣವಾಗಿ ಅದೇ ಮಣ್ಣು ಸೀಳಿ ಮೇಲೆ ಬರುತ್ತದೆ. ಇಳಿಯುವಾಗ, ಏರುವಾಗ ಎರಡು ಸಲ ದಾಟುವ ಆ ಪದರದಲ್ಲಿ, ಕೀಟಗಳಿಗೆ ಸೋಂಕು ತಗುಲಿಸಿ ಕೊಲ್ಲುವ ಮೆಟಾರೈಜಿಯಂ ಅಥವಾ ಬೆವೇರಿಯಾ ಶಿಲೀಂಧ್ರ ಕಾದಿರಬೇಕು. ಮಣ್ಣಿಗೆ ಮೆಟಾರೈಜಿಯಂ ಹೆಚ್ಚು ಒಗ್ಗುತ್ತದೆ.

ಕೊಯ್ಲಿಗೆ ಆರು ವಾರ ಇರುವಾಗಲೇ ತಯಾರಿ ಶುರುಮಾಡಿ. 100 ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ 2 ಕಿಲೋ ಶಿಲೀಂಧ್ರದ ಪುಡಿ ಬೆರೆಸಿ, ನೀರು ಚಿಮುಕಿಸಿ. ಹದ ತಿಳಿಯಲು ಒಂದು ಹಿಡಿ ಹಿಂಡಿ ನೋಡಿ: ಉಂಡೆ ಕಟ್ಟಬೇಕು, ಬೆರಳ ಸಂದಿಯಲ್ಲಿ ನೀರು ಜಿನುಗಬಾರದು. ನೆರಳಲ್ಲಿ ಗುಡ್ಡೆ ಹಾಕಿ ಒದ್ದೆ ಗೋಣಿಚೀಲ ಹೊದಿಸಿ, 8–10 ದಿನ ಬಿಡಿ, ನಡುವೆ ಎರಡು ಸಲ ತಿರುವಿ. ಅರೆಬರೆ ಕಳಿತ ಗೊಬ್ಬರ ಬೇಡವೇ ಬೇಡ. ಅದು ಒಳಗೊಳಗೇ ಕಾದು ಶಿಲೀಂಧ್ರವನ್ನು ಸುಟ್ಟುಬಿಡುತ್ತದೆ. ಕೈ ತೂರಿಸಿದಾಗ ಬಿಸಿ ತಾಗಿದರೆ ಗುಡ್ಡೆ ಹರಡಿ ಆರಿಸಿ.

ಹಾಕುವ ಮುನ್ನ ಉದುರಿದ ಹಣ್ಣೆಲ್ಲ ಆರಿಸಿ ತೆಗೆಯಿರಿ. ಬಿಗಿಯಾಗಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಬಿಸಿಲಿಗಿಡಿ. ಸಂಜೆ ಹೊತ್ತು, ರೆಂಬೆಗಳು ಹರಡಿರುವಷ್ಟು ಜಾಗಕ್ಕೆ ಮರಕ್ಕೆ 2–3 ಕಿಲೋ ಮಿಶ್ರಣ ಎರಚಿ, 5 ಸೆಂ.ಮೀ. ಆಳಕ್ಕೆ ಕೈಕುಂಟೆ ಆಡಿಸಿ, ನೀರು ಕೊಟ್ಟು ಒಣ ತರಗೆಲೆ ಮುಚ್ಚಿ. ಬುಡದ ಸುತ್ತ ಮಾತ್ರ ಸುರಿದರೆ ಶ್ರಮ ವ್ಯರ್ಥ, ಹಣ್ಣು ಉದುರುವುದು ರೆಂಬೆಗಳ ಕೆಳಗೆಲ್ಲ. ತಿಂಗಳಿಗೊಮ್ಮೆ ಮತ್ತೆ ಹಾಕಿ.

ಸೋಲುವುದು ಹೆಚ್ಚಾಗಿ ಮೂರು ಕಾರಣಕ್ಕೆ. ಬಿಸಿಲು ಬೀಜಾಣುಗಳನ್ನು ಬೇಗ ಕೊಲ್ಲುತ್ತದೆ, ಅದಕ್ಕೇ ಮಣ್ಣು ಮುಚ್ಚುವುದು. ನೆಲ ಒಣಗಿದರೆ ಅವು ಮೊಳೆಯುವುದಿಲ್ಲ. ಮೂರನೆಯದೇ ಹೆಚ್ಚು ಕಾಣುವ ತಪ್ಪು: ಶಿಲೀಂಧ್ರನಾಶಕವನ್ನು ಬುಡಕ್ಕೆ ಸುರಿಯುವುದು. ಅದಕ್ಕೂ ಈ ಮಿಶ್ರಣ ಹಾಕುವುದಕ್ಕೂ ನಡುವೆ ಕನಿಷ್ಠ ಎರಡು ವಾರ ಅಂತರವಿರಲಿ. ರಾಸಾಯನಿಕ ತುಂಬಿದ್ದ ಡ್ರಮ್ಮನ್ನೂ ಬಳಸಬೇಡಿ. ಹಳೆಯ ಪುಡಿಯೂ ಕೈಕೊಡುತ್ತದೆ. ಪೊಟ್ಟಣದ ಅವಧಿ ನೋಡಿಯೇ ಕೊಳ್ಳಿ.

ರೇಷ್ಮೆ ಸಾಕಣೆಯ ಹತ್ತಿರ ಈ ಎರಡು ಶಿಲೀಂಧ್ರಗಳನ್ನೂ ಬಳಸಲೇಬಾರದು. ರೇಷ್ಮೆ ಹುಳುವಿಗೆ ಸುಣ್ಣಕಟ್ಟು ರೋಗ ತರುವುದು ಇದೇ ಬೆವೇರಿಯಾ; ಮೆಟಾರೈಜಿಯಂ ಕೂಡ ಅದನ್ನು ಕೊಲ್ಲುತ್ತದೆ.

ಕೆಲಸ ಆಗುತ್ತಿದೆಯೇ ಎಂದು ನೋಡಲು, ಹಾಕಿದ ಎರಡು ವಾರಕ್ಕೆ ಮರದಡಿಯ ಮಣ್ಣು ಜರಡಿ ಹಿಡಿಯಿರಿ. ಅಕ್ಕಿಕಾಳಿನಂಥ ಕಂದು ಕೋಶಗಳು ಸಿಗುತ್ತವೆ. ಅವನ್ನು ಒದ್ದೆ ಹತ್ತಿಯ ಮೇಲಿಟ್ಟು, ಡಬ್ಬಿ ಮುಚ್ಚಿ ಒಂದು ವಾರ ಬಿಡಿ. ಸೋಂಕು ತಗುಲಿದ್ದರೆ ಕೋಶದ ಮೇಲೆ ಮೊದಲು ಬಿಳಿ ಎಳೆ ಹಬ್ಬುತ್ತದೆ. ಮೆಟಾರೈಜಿಯಂ ಆದರೆ ಅದು ಆಮೇಲೆ ಪಾಚಿ ಹಸಿರಿನ ಪುಡಿಯಾಗುತ್ತದೆ. ಎಲ್ಲ ಕೋಶದಿಂದಲೂ ನೊಣ ಹೊರಬಂದರೆ ಮಣ್ಣಿನ ತೇವವನ್ನೇ ಮೊದಲು ಪರೀಕ್ಷಿಸಿ.