ತುಮಕೂರಿನಿಂದ ದೆಹಲಿಗೆ: ದೂರ ಮತ್ತು ಹಾರಾಟದ ಸಮಯ ಲೆಕ್ಕ ಹಾಕುವ ಬಗೆ

ಬೆಂಗಳೂರಿನಿಂದ ದೆಹಲಿ ಎಷ್ಟು ದೂರ ಎಂದು ಮೊಬೈಲಿನಲ್ಲಿ ಹುಡುಕಿದರೆ ಒಂದು ಕಡೆ 2,100 ಕಿ.ಮೀ.ಗೂ ಹೆಚ್ಚು, ಇನ್ನೊಂದು ಕಡೆ 1,700, ಮತ್ತೊಂದು ಕಡೆ ಬರೀ 920 ಎಂದು ಬರುತ್ತದೆ. ಮೂರೂ ಸರಿಯೇ. ಮೊದಲನೆಯದು ರಸ್ತೆಯ ದೂರ, ಎರಡನೆಯದು ಆಕಾಶಮಾರ್ಗದ ನೇರ ದೂರ, ಮೂರನೆಯದು ಅದೇ ನೇರ ದೂರ ನಾಟಿಕಲ್ ಮೈಲಿಯಲ್ಲಿ. ಒಂದು ನಾಟಿಕಲ್ ಮೈಲಿಗೆ 1.852 ಕಿ.ಮೀ.

ನೇರ ದೂರವನ್ನು ಕಾಗದದ ಮೇಲೂ ತೆಗೆಯಬಹುದು. ಕೆಂಪೇಗೌಡ ವಿಮಾನ ನಿಲ್ದಾಣ ಇರುವುದು 13.2 ಡಿಗ್ರಿ ಅಕ್ಷಾಂಶದಲ್ಲಿ, ದೆಹಲಿಯದು 28.56ರಲ್ಲಿ. ವ್ಯತ್ಯಾಸ 15.36, ಡಿಗ್ರಿಗೆ 111 ಕಿ.ಮೀ.ನಂತೆ ಗುಣಿಸಿದರೆ ಸುಮಾರು 1,705. ದೆಹಲಿ ನಮಗೆ ಹೆಚ್ಚುಕಡಿಮೆ ನೇರ ಉತ್ತರಕ್ಕಿರುವುದರಿಂದ ಇಷ್ಟೇ ಸಾಕು. ಕೋಲ್ಕತ್ತಕ್ಕೆ ಸಾಲದು. ಅಲ್ಲಿ ರೇಖಾಂಶದ ವ್ಯತ್ಯಾಸವೂ 10.7 ಡಿಗ್ರಿ ಇದೆ. ಉತ್ತರಕ್ಕೆ ಹೋದಷ್ಟೂ ರೇಖಾಂಶಗಳ ನಡುವಿನ ಅಂತರ ಕಿರಿದಾಗುವುದರಿಂದ ಅದನ್ನು 111ರ ಬದಲು 106ರಿಂದ ಗುಣಿಸಬೇಕು. ಉತ್ತರಕ್ಕೆ 1,050, ಪೂರ್ವಕ್ಕೆ 1,135. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 1,545ರ ಹತ್ತಿರ ಬರುತ್ತದೆ.

ಇನ್ನು ಸಮಯ. ಜೆಟ್ ವಿಮಾನದ ವೇಗ ಗಂಟೆಗೆ 800 ಕಿ.ಮೀ. ಎಂದು ಹಿಡಿದು, ದೂರವನ್ನು 800ರಿಂದ ಭಾಗಿಸಿ, 40 ನಿಮಿಷ ಸೇರಿಸಿ. ದೆಹಲಿಗೆ 2 ಗಂಟೆ 8 ನಿಮಿಷಕ್ಕೆ 40 ಕೂಡಿದರೆ 2 ಗಂಟೆ 48 ನಿಮಿಷ. ಟಿಕೆಟ್‌ನಲ್ಲೂ ಹೆಚ್ಚುಕಡಿಮೆ ಇಷ್ಟೇ ಇರುತ್ತದೆ. ಆ 40 ನಿಮಿಷ ರನ್‌ವೇವರೆಗೆ ಉರುಳುವುದಕ್ಕೆ, ಮೇಲೇರುವುದಕ್ಕೆ, ಇಳಿಯುವ ಮುನ್ನ ಸುತ್ತುವುದಕ್ಕೆ. ಟಿಕೆಟ್‌ನ ಸಮಯ ವಿಮಾನ ನಿಂತ ಜಾಗದಿಂದ ಹೊರಡುವಾಗ ಶುರುವಾಗಿ, ಅಲ್ಲಿ ಹೋಗಿ ನಿಂತಾಗ ಮುಗಿಯುತ್ತದೆ. ಗಾಳಿಯಲ್ಲಿ ಇರುವ ಹೊತ್ತು ಅದಕ್ಕಿಂತ ಕಡಿಮೆ. ರೆಕ್ಕೆಗೆ ಫ್ಯಾನಿನಂಥ ಪ್ರೊಪೆಲ್ಲರ್ ಇರುವ ಎಟಿಆರ್ ವಿಮಾನವಾದರೆ 800 ಹಿಡಿಯಬೇಡಿ, 500 ಹಿಡಿಯಿರಿ.

ಹೆಚ್ಚಿನವರು ಎಡವುವುದು ವಿದೇಶದ ಲೆಕ್ಕದಲ್ಲಿ. ಬೆಳಿಗ್ಗೆ 10ಕ್ಕೆ ಹೊರಟು 12.45ಕ್ಕೆ ದುಬೈ ಎಂದು ಟಿಕೆಟ್‌ನಲ್ಲಿದ್ದರೆ ಎರಡೂಮುಕ್ಕಾಲು ಗಂಟೆಯಲ್ಲ, ನಾಲ್ಕೂಕಾಲು. ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಮೇಲಿನ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವುದರಿಂದ, ಮುಖ್ಯವಾಗಿ ಚಳಿಗಾಲದಲ್ಲಿ, ವಾಪಸ್ ಬರುವಾಗ ಸ್ವಲ್ಪ ಬೇಗ ಮುಟ್ಟುತ್ತೀರಿ.

ನಿಜವಾದ ಹೊತ್ತು ನುಂಗುವುದು ನೆಲದ ಮೇಲಿನ ದಾರಿ. ತುಮಕೂರಿನಿಂದ ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರ, ದೇವನಹಳ್ಳಿ ಮೂಲಕ ಹೋದರೆ 80ರಿಂದ 90 ಕಿ.ಮೀ. ನೆಲಮಂಗಲ, ಗೊರಗುಂಟೆಪಾಳ್ಯ, ಹೆಬ್ಬಾಳದ ದಾರಿ ದೂರವೂ ಹೌದು, ಬೆಳಗಿನ ಎಂಟರ ನಂತರ ಎಷ್ಟು ಹೊತ್ತಾದೀತು ಎಂದು ಹೇಳಲೂ ಆಗದು. ವಿಮಾನ 10ಕ್ಕೆ ಎಂದರೆ 8ಕ್ಕೆ ನಿಲ್ದಾಣದಲ್ಲಿರಬೇಕು, ಮನೆಯಿಂದ 6ಕ್ಕೇ ಹೊರಡಿ. ದೇಶದೊಳಗಿನ ವಿಮಾನಗಳಿಗೆ ಬ್ಯಾಗ್ ಕೊಡುವ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮುಂಚೆ, ಗೇಟ್ 25 ನಿಮಿಷ ಮುಂಚೆ ಮುಚ್ಚುತ್ತದೆ. ವಿದೇಶಕ್ಕಾದರೆ ಮೂರು ಗಂಟೆ ಮುಂಚೆ ತಲುಪಿ. ಆ ವಿಮಾನಗಳೆಲ್ಲ ಟರ್ಮಿನಲ್ 2ರಿಂದ. ದೇಶದೊಳಗಿನವು ಎರಡೂ ಟರ್ಮಿನಲ್‌ಗಳಿಂದ ಹೊರಡುತ್ತವೆ, ಯಾವುದೆಂದು ಹಿಂದಿನ ರಾತ್ರಿಯೇ ನೋಡಿ ಕಾರಿನವರಿಗೆ ಹೇಳಿಬಿಡಿ.